ಕಾಳಪ್ಪ ಕಾಕಾನ ಕಿವಿ

ಕಾಳಪ್ಪ ಕಾಕಾ ಎಂಜಿನ್ನಿನ ಸದ್ದನ್ನು ಹಲ್ಲಿನಿಂದ ಕೇಳುತ್ತಿದ್ದರು. ಮೊಳದುದ್ದದ ಒಂದು ಸ್ಕ್ರೂಡ್ರೈವರ್ ಅವರ ಹತ್ತಿರ ಇತ್ತು, ಮರದ ಹಿಡಿಯದು. ಅದರ ತುದಿಯನ್ನು ಓಡುತ್ತಿರುವ ಎಂಜಿನ್ನಿನ ಮೈಮೇಲೆ ಊರಿ, ಹಿಡಿಯನ್ನು ಮುಂದಿನ ಹಲ್ಲಿನಲ್ಲಿ ಕಚ್ಚಿ, ಕಣ್ಣು ಮುಚ್ಚಿ ನಿಂತುಬಿಡುತ್ತಿದ್ದರು. ತಲೆಯ ಮೇಲಿನ ಬಿಳಿ ಟೊಪ್ಪಿಗೆ ಎಂಜಿನ್ನಿನ ಹೊಡೆತಕ್ಕೆ ಸಣ್ಣಗೆ ನಡುಗುತ್ತಿತ್ತು. ಮೊದಲ ಸಲ ನೋಡಿದವರು ಈ ಮುದುಕನಿಗೆ ಏನೋ ಆಯಿತು ಎಂದು ಹೆದರಿ ಹಿಡಿದುಕೊಳ್ಳಲು ಹೋದದ್ದೂ ಉಂಟು. ಒಂದೆರಡು ನಿಮಿಷದ ಮೇಲೆ ಹಿಡಿಯನ್ನು ಬಾಯಿಂದ ತೆಗೆದು, ಧೋತರದ ಚುಂಗಿನಿಂದ ಒರೆಸಿ, "ಎರಡನೇ ಸಿಲಿಂಡರಿಂದು ವಾಲ್ವ್ ಸಡ್ಲ ಆಗೇತಿ" ಎಂದು ಹೇಳುತ್ತಿದ್ದರು. ಬಿಚ್ಚಿ ನೋಡಿದರೆ ಹಾಗೆಯೇ ಇರುತ್ತಿತ್ತು.

ಅದೊಂದು ಯುಕ್ತಿ ಎಂದು ನಾವೆಲ್ಲ ತಿಳಿದಿದ್ದೆವು. ಅವರ ಎಡಗಿವಿ ಪೂರಾ ಹೋಗಿತ್ತು, ಬಲಗಿವಿ ಅರ್ಧ ಹೋಗಿತ್ತು ಎಂಬುದು ನನಗೆ ಗೊತ್ತಾದದ್ದು ತಡವಾಗಿ. ಚಿಕ್ಕಂದಿನಲ್ಲಿ ಅಪ್ಪನ ಕುಲುಮೆಯಲ್ಲಿ ಸುತ್ತಿಗೆ ಸದ್ದು, ಆಮೇಲೆ ಮೂವತ್ತೈದು ವರ್ಷ ಟ್ರ್ಯಾಕ್ಟರುಗಳ ಸದ್ದು. ಅವರು ಅದನ್ನು ಯಾರೆದುರೂ ಹೇಳಿಕೊಂಡಿರಲಿಲ್ಲ. ಕೇಳಿಸದ ಮಾತಿಗೆಲ್ಲ "ಹೌದ್ರಿ, ಹೌದ್ರಿ" ಎಂದು ನಕ್ಕು ದಾಟಿಸುತ್ತಿದ್ದರು.

ರಾಣೆಬೆನ್ನೂರಿನಲ್ಲಿ ದೇವರಗುಡ್ಡದ ರಸ್ತೆ ಊರು ಬಿಡುವಲ್ಲಿ ಅವರ ತಗಡಿನ ಶೆಡ್ಡಿತ್ತು. ಹೊಸ ಟ್ರ್ಯಾಕ್ಟರುಗಳಿಗೆ ಅಲ್ಲಿ ಜಾಗವಿಲ್ಲ. ಯಾರಾದರೂ ತಂದರೆ, "ನಿಮಗ ಶೋರೂಮ್ ಐತಲ್ರಿ" ಎಂದು ಕೈಮುಗಿದು ಕಳಿಸುತ್ತಿದ್ದರು. ಅವರಲ್ಲಿಗೆ ಬರುತ್ತಿದ್ದವು ಮೂವತ್ತು ನಲವತ್ತು ವರ್ಷದ ಹಿಂದೆ ಹಡಗಿನಲ್ಲಿ ಬಂದ ರಷ್ಯಾದವು, ಪೋಲೆಂಡಿನವು. ಬಿಡಿಭಾಗ ಸಿಗದೆ ಹಿತ್ತಲು ಸೇರಿ, ಕುರಿ ಕಟ್ಟುವ ಗೂಟವಾಗಿದ್ದಂಥವು. ಎಣ್ಣೆ ಮಸಿಯ ಆ ಶೆಡ್ಡಿನಲ್ಲಿ ಕಾಕಾ ಮಾತ್ರ ಬಿಳಿ ಧೋತರ, ಬಿಳಿ ಅಂಗಿಯಲ್ಲಿ ಇರುತ್ತಿದ್ದರು. ಸಂಜೆ ಮನೆಗೆ ಹೊರಟಾಗ ಅಂಗಿಯ ಮೇಲೆ ಒಂದು ಕಲೆ ಕಂಡರೆ, "ಇವತ್ತ ಅವಸರ ಮಾಡೇನಿ" ಎನ್ನುತ್ತಿದ್ದರು. ಅವಸರದ ಮೇಲೆ ಅವರಿಗೆ ವೈಯಕ್ತಿಕ ದ್ವೇಷವಿತ್ತು. "ಯಾವಾಗ ಕೊಡ್ತೀರಿ?" ಎಂದು ಎರಡನೇ ಸಲ ಕೇಳಿದ ಗಿರಾಕಿಗೆ, "ಅವಸರ ಇದ್ದರ ಹೊಸಾದು ತಗೋರಿ, ಹಳೇದಕ್ಕ ವ್ಯಾಳ್ಯಾ ಬೇಕು" ಎಂಬ ಒಂದೇ ಉತ್ತರ.

ಎರಡು ಸಾವಿರದ ನಾಲ್ಕರ ಬೇಸಿಗೆಯಲ್ಲಿ ಅವರು ನಮ್ಮ ಊರಿಗೆ ಬಂದದ್ದು ರಿಪೇರಿಗಾಗಿ ಅಲ್ಲ. ನಮ್ಮ ಹಿತ್ತಲಿನ ಹುಣಸೆ ಮರದ ಕೆಳಗೆ ನಿಂತಿದ್ದ ಟ್ರ್ಯಾಕ್ಟರಿನಿಂದ ಸ್ಟೇರಿಂಗ್ ಪೆಟ್ಟಿಗೆ ಕಳಚಿಕೊಂಡು ಹೋಗಲು. ಬ್ಯಾಡಗಿಯ ರೈತರೊಬ್ಬರ ಅಂಥದೇ ಟ್ರ್ಯಾಕ್ಟರಿಗೆ ಅದು ಬೇಕಾಗಿತ್ತು.

ನಮ್ಮ ಟ್ರ್ಯಾಕ್ಟರ್ ನನ್ನ ಮಾವನದು. ನಾನು ಮದುವೆಯಾಗಿ ಬರುವ ಹೊತ್ತಿಗೆ ಮಾವ ತೀರಿಕೊಂಡು ನಾಲ್ಕು ವರ್ಷವಾಗಿತ್ತು, ಅದು ನಿಂತೂ ಅಷ್ಟೇ ವರ್ಷವಾಗಿತ್ತು. ಎರಡು ಸಿಲಿಂಡರಿನದು, ಒಂದು ಕಾಲಕ್ಕೆ ಹಸಿರು ಬಣ್ಣ ಇತ್ತಂತೆ. ನಾನು ಕಂಡದ್ದು ತುಕ್ಕಿನ ಬಣ್ಣ. ಸೀಟಿನ ಕೆಳಗೆ ಕೋಳಿ ಮೊಟ್ಟೆ ಇಡುತ್ತಿತ್ತು. ಬಾನೆಟ್ಟಿನ ಮೇಲೆ ಅತ್ತೆ ಕುಳ್ಳು ಒಣಗಿಸುತ್ತಿದ್ದರು.

ನನ್ನ ಗಂಡ ಬಸವರಾಜ ಕುಮಾರಪಟ್ಟಣದ ಕಾರ್ಖಾನೆಯಲ್ಲಿ ಪಾಳಿಯ ಕೆಲಸಕ್ಕೆ ಹೋಗುತ್ತಿದ್ದರು. ಆರು ಎಕರೆ ಹೊಲವನ್ನು ಅತ್ತೆ, ನಾನು ನೋಡಿಕೊಳ್ಳುತ್ತಿದ್ದೆವು. ಅದರಲ್ಲಿ ಒಂದು ಎಕರೆ ಬೀಜದ ಕಂಪನಿಗೆ ಹತ್ತಿ ಬೀಜ ಬೆಳೆದುಕೊಡುವ ಪ್ಲಾಟು. ಬೀಜದ ಬೆಳೆಗೆ ದಿನ ತಪ್ಪಬಾರದು. ಗಂಡು ಸಾಲು ಇಂಥ ದಿನ, ಹೆಣ್ಣು ಸಾಲು ಇಂಥ ದಿನ ಎಂದು ಬಿತ್ತಬೇಕು. ಎರಡೂ ಕೂಡಿ ಹೂ ಬಿಟ್ಟರೆ ಮಾತ್ರ ಒಂದರ ಪರಾಗವನ್ನು ಇನ್ನೊಂದಕ್ಕೆ ಕೈಯಿಂದ ಮುಟ್ಟಿಸಲು ಬರುತ್ತದೆ. ಹಿಂದಿನ ವರ್ಷ ಬಾಡಿಗೆ ಟ್ರ್ಯಾಕ್ಟರಿನವನು ದೊಡ್ಡ ಹೊಲದವರದನ್ನೆಲ್ಲ ಮುಗಿಸಿಕೊಂಡು ನಮ್ಮಲ್ಲಿಗೆ ಬರುವಷ್ಟರಲ್ಲಿ ಒಂಬತ್ತು ದಿನ ತಡವಾಯಿತು. ಕಂಪನಿಯ ಸೂಪರ್‌ವೈಸರ್ ಬಂದು ನೋಡಿ, ಪಟ್ಟಿಯಲ್ಲಿ ನಮ್ಮ ಹೆಸರು ಹೊಡೆದುಹಾಕಿ ಹೋದ. ಆ ವರ್ಷ ನಾನು ಬೇರೆಯವರ ಪ್ಲಾಟಿಗೆ ಹೂ ಮುಟ್ಟಿಸಲು ಕೂಲಿಗೆ ಹೋದೆ. ಅಲ್ಲಿಗೆ ಹೋಗುವ ದಾರಿ ನಮ್ಮ ಹೊಲದ ಬದುವಿನ ಮೇಲೆಯೇ ಇತ್ತು. ದಿನಾ ಎರಡು ಸಲ ನಮ್ಮ ಖಾಲಿ ನೆಲವನ್ನು ದಾಟಿ ಹೋಗಿ ಬರಬೇಕಾಗಿತ್ತು.

ಆದ್ದರಿಂದ ಕಾಕಾ ಹುಣಸೆ ಮರದ ಕೆಳಗೆ ಕುಳಿತು ನಟ್ಟು ಬಿಚ್ಚುವ ಪಾನಾಗಳ ಚೀಲ ತೆರೆದಾಗ ನನ್ನ ಬಾಯಿಂದ ಮಾತು ಹೊರಬಿತ್ತು.

"ಇದನ್ನ ಬಿಚ್ಚಬ್ಯಾಡ್ರಿ."

"ಹೌದ್ರಿ, ಹೌದ್ರಿ" ಎಂದು ಅವರು ಒಂದು ನಟ್ಟಿಗೆ ಪಾನಾ ಹಾಕಿದರು. ನಾನು ಎದುರಿಗೆ ಹೋಗಿ ನಿಂತು ಗಟ್ಟಿಯಾಗಿ ಇನ್ನೊಮ್ಮೆ ಹೇಳಿದೆ.

"ನಿಮ್ಮ ಯಜಮಾನ್ರು ಒಯ್ರಿ ಅಂದಾರಲ್ರಿ ಅಕ್ಕಾರ."

"ಅಂದಿರಬೇಕು. ನನಗ ಇದು ಓಡಬೇಕಾಗೇತಿ."

ಅವರು ಪಾನಾ ಕೆಳಗಿಟ್ಟು ನನ್ನ ಮುಖ ನೋಡಿದರು. ಆಮೇಲೆ ಎದ್ದು ಟ್ರ್ಯಾಕ್ಟರಿನ ಸುತ್ತ ಒಂದು ಸುತ್ತು ಬಂದರು. ಕೋಳಿಯನ್ನು ಎಬ್ಬಿಸಿ ಕಳಿಸಿ, ಬಗ್ಗಿ ಕ್ಲಚ್ಚಿನ ಪೆಡಲನ್ನು ಬೆರಳಿನಿಂದ ಸವರಿದರು. ಕಟ್ಟೆಯ ಮೇಲೆ ಮೆಣಸಿನಕಾಯಿ ತೊಟ್ಟು ಮುರಿಯುತ್ತ ಕುಳಿತಿದ್ದ ನನ್ನ ಅತ್ತೆಯ ಕಡೆ ತಿರುಗಿದರು.

"ಯವ್ವಾ, ಇದನ್ನ ನಡಸ್ತಿದ್ದವರು ಎಡಗಾಲು ಎಳೀತಿದ್ರೇನ್ರಿ?"

ಅತ್ತೆಯ ಕೈ ನಿಂತಿತು. "ನಿಮಗ್ಯಾರು ಹೇಳಿದ್ರು?"

"ಯಾರೂ ಹೇಳಿಲ್ರಿ. ಈ ಪೆಡಲು ಒಂದ ಮಗ್ಗಲಾ ಸವದೈತಿ. ಪಾದದ ಅಂಚಿನಿಂದ ಒತ್ಯಾರ. ಆದ್ರೂ ಪೂರಾ ಒತ್ತೇ ಗೇರ್ ಹಾಕ್ಯಾರ. ಬಿಚ್ಚಿದ ಮ್ಯಾಲೆ ನೋಡ್ರಿ, ಗೇರಿನ ಹಲ್ಲು ಒಂದೂ ಮುರಿದಿರೂದಿಲ್ಲ. ಸಮಾಧಾನದ ಮನಶ್ಯಾ ಇದ್ರು."

ತಮ್ಮ ಮದುವೆಗೆ ಮೊದಲೇ ಎತ್ತು ಒದ್ದು ಮಾವನ ಮೊಣಕಾಲು ಕೆಟ್ಟಿತ್ತು ಎಂದು ಅತ್ತೆ ಹೇಳಿದರು. ನನಗೂ ಅದು ಗೊತ್ತಾದದ್ದು ಆವತ್ತೇ. ಅತ್ತೆ ಎದ್ದು ಬಂದು, ಬಾನೆಟ್ಟಿನ ಮೇಲಿನ ಕುಳ್ಳುಗಳನ್ನು ಒಂದೊಂದಾಗಿ ತೆಗೆದು ಗೋಡೆಗೆ ಒಟ್ಟಿದರು. ಅದುವೇ ಅವರ ಒಪ್ಪಿಗೆ.

ಕಾಕಾ ಒಂದು ಷರತ್ತು ಹಾಕಿದರು. "ಕೈ ನಿಮ್ಮವ ಆಗಬೇಕು. ನಾ ಬಾಯಿಲೆ ಹೇಳ್ತೇನಿ. ನಿಮ್ಮ ಕೈಲೆ ಆಗದ ಕಡೆ ಅಷ್ಟ ಮುಟ್ತೇನಿ. ನಾಳೆ ಇದು ನಡು ಹೊಲದಾಗ ನಿಂತ್ರ ನೀವು ನನ್ನ ಕರಿಯಾಕ ಓಡಿ ಬರಬಾರದು."

ಬ್ಯಾಡಗಿಯವರಿಗೆ ಸ್ಟೇರಿಂಗ್ ಪೆಟ್ಟಿಗೆಯನ್ನು ಬೇರೆ ಕಡೆ ಹುಡುಕಿಕೊಟ್ಟರು. ಬಸವರಾಜ ಪಾಳಿ ಮುಗಿಸಿ ಬಂದು, "ಮಿಸ್ತ್ರಿ ಒಯ್ಯಲಿಲ್ಲೇನು ಅದನ್ನ?" ಎಂದು ಕೇಳಿದಾಗ, "ಇಲ್ಲ, ನನಗ ಕಲಸಾಕತ್ತಾರ" ಎಂದೆ. ಅವರು ನಕ್ಕರು. ಮಾರನೆಯ ದಿನ ನಾನು ಸೀಮೆಎಣ್ಣೆಯ ಬೋಗುಣಿಯಲ್ಲಿ ಮೊಣಕೈವರೆಗೆ ಕೈ ಅದ್ದಿ ಕುಳಿತದ್ದು ನೋಡಿ ನಗುವುದು ಬಿಟ್ಟು, ರಜೆಯ ದಿನ ತಾವೂ ಭಾರದ ಸಾಮಾನು ಎತ್ತಿಕೊಡಲು ನಿಂತರು.

ಎಂಜಿನ್ ಜಾಮ್ ಆಗಿತ್ತು. ಪಿಸ್ಟನ್ನುಗಳು ತುಕ್ಕಿಗೆ ಅಂಟಿಕೊಂಡು ಗೋಡೆಯಂತೆ ಕುಳಿತಿದ್ದವು. ಬಡಿದರೆ ಬಿಡುತ್ತವೆ ಎಂದು ನಾನು ಸುತ್ತಿಗೆ ತಂದೆ. ಕಾಕಾ ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಮರದ ಮೇಲಿನ ಕವಲಿನಲ್ಲಿ ಇಟ್ಟರು. ಎರಡೂ ಸಿಲಿಂಡರಿನೊಳಗೆ ಡೀಸೆಲ್, ಎಣ್ಣೆ ಕೂಡಿಸಿ ಸುರುವಿದರು. "ದಿನಾ ಮುಂಜಾನೆ ಒಮ್ಮೆ ಎಂಜಿನ್ನಿನ ಈ ಚಕ್ರ ಅಲಗ್ಯಾಡಿಸಿ ನೋಡ್ರಿ. ಬರಲಿಲ್ಲಂದ್ರ ಮತ್ತೀಟು ಹಾಕ್ರಿ. ಸಿಟ್ಟಿಗೇಳಬ್ಯಾಡ್ರಿ." ಹತ್ತು ದಿನ ಅದು ಕೂದಲೆಳೆಯಷ್ಟೂ ಕದಲಲಿಲ್ಲ. ಹನ್ನೊಂದನೇ ದಿನ ಹಾಲು ಹಿಂಡಿ ಬಂದು ಚಕ್ರಕ್ಕೆ ಕೈ ಹಚ್ಚಿದೆ; ಎರಡು ಬೆರಳಿನಷ್ಟು ತಿರುಗಿತು. ನಾನು ಹಾಲಿನ ಚರಿಗೆ ಅಲ್ಲಿಯೇ ಬಿಟ್ಟು, ಬಸ್ಸು ಹತ್ತಿ ರಾಣೆಬೆನ್ನೂರಿಗೆ ಹೋಗಿ ಶೆಡ್ಡಿನ ಬಾಗಿಲಲ್ಲಿ ನಿಂತು ಎರಡು ಬೆರಳು ತೋರಿಸಿದೆ. ಅವರಿಗೆ ಮಾತು ಬೇಕಾಗಲಿಲ್ಲ. ಟೊಪ್ಪಿಗೆ ಸರಿ ಮಾಡಿಕೊಂಡು ನನ್ನ ಸಂಗಡವೇ ಹೊರಟರು.

ಆಮೇಲೆ ಬಿಚ್ಚುವ ಕೆಲಸ. ಬಿಚ್ಚಿದ್ದನ್ನೆಲ್ಲ ತಾಡಪತ್ರಿಯ ಮೇಲೆ ಬಿಚ್ಚಿದ ಸಾಲಿನಲ್ಲಿಯೇ ಇಡಬೇಕು. ಒಂದು ವಾಶರ್ ಆಚೀಚೆ ಆಗಬಾರದು. "ಬಿಚ್ಚಾಕ ಬಲ ಸಾಕು. ಕೂಡಸಾಕ ನೆನಪು ಬೇಕು" ಎನ್ನುತ್ತಿದ್ದರು. ಗೇರಿನ ಪೆಟ್ಟಿಗೆ ತೆರೆದಾಗ ಹಲ್ಲುಗಳು ಒಂದೂ ಮುರಿಯದೆ ಸಾಲಾಗಿ ಇದ್ದವು. ಅತ್ತೆಯನ್ನು ಕರೆದು ತೋರಿಸಿದೆ. ಅವರು ಬಗ್ಗಿ ನೋಡಿ, "ಅವರಿಗೆ ಜೋರು ಮಾಡಿ ಗೊತ್ತ ಇರಲಿಲ್ಲ" ಎಂದರು. ಆವತ್ತಿನಿಂದ ಹಿತ್ತಲಿಗೆ ಕಾಕಾನ ಪಾಲಿನ ರೊಟ್ಟಿ ಬರತೊಡಗಿತು.

ಡೀಸೆಲ್ ಟಾಕಿಯ ಒಳಗಿನ ತುಕ್ಕು ತೆಗೆಯುವುದು ಹೇಗೆ ಎಂಬುದು ಸಮಸ್ಯೆಯಾಯಿತು. ಕೈ ಹೋಗದ ಜಾಗ. ಕಾಕಾ ಟಾಕಿಯೊಳಗೆ ಎರಡು ಬೊಗಸೆ ಹಳ್ಳದ ಹರಳು, ಒಂದಿಷ್ಟು ಸೀಮೆಎಣ್ಣೆ ಹಾಕಿ ಬಾಯಿ ಬಿಗಿದರು. ಹಳೆಯ ಚಕ್ಕಡಿಯನ್ನು ಒಂದು ಮಗ್ಗುಲು ಎತ್ತಿ ಕಲ್ಲು ಕೊಟ್ಟು, ಎತ್ತಿದ ಗಾಲಿಗೆ ಟಾಕಿಯನ್ನು ಹಗ್ಗದಿಂದ ಬಿಗಿದು ಕಟ್ಟಿ, "ಇನ್ನ ತಿರುವ್ರಿ" ಎಂದರು. ನನಗೆ ಬೇರೆ ಕೆಲಸವಿತ್ತು. ಅತ್ತೆ ಸೆರಗು ಸಿಕ್ಕಿಸಿಕೊಂಡು ಗಾಲಿಯ ಮುಂದೆ ಕುಳಿತರು. ಗಂಟೆಗಟ್ಟಲೆ ಖಡಖಡ ಸದ್ದು. ಓಣಿಯ ಹೆಂಗಸರು ಬಂದು ನಿಂತು, "ಏನ ಮಾಡಾಕತ್ತೀ ಗಂಗವ್ವಾ?" ಎಂದರೆ, "ಬೆಣ್ಣಿ ಕಡಿಯಾಕತ್ತೇನಿ, ಮಜ್ಜಗಿ ಬೇಕಿದ್ರ ಚರಗಿ ತಗೊಂಡು ಬರ್ರಿ" ಎಂದು ಅತ್ತೆ ಉತ್ತರ ಕೊಟ್ಟರು. ಸಂಜೆ ಟಾಕಿಯಿಂದ ಕೆಂಪು ರಾಡಿ ಸುರಿದು ಹೋಗಿ ಒಳಗೆ ಬೆಳ್ಳಗಿನ ತಗಡು ಕಂಡಿತು.

ಪಿಸ್ಟನ್ನನ್ನು ಅದರ ದಂಡಕ್ಕೆ ಕೂಡಿಸುವ ಪಿನ್ನಿನ ಸುತ್ತ ಬಳೆಯಂಥ ಒಂದು ಕಂಚಿನ ತುಂಡು ಇರುತ್ತದೆ, ಅದಕ್ಕೆ ಬುಷ್ ಎನ್ನುತ್ತಾರೆ. ಅದು ಸವೆದಿದೆಯೇ ಎಂದು ನೋಡಲು ಕಾಕಾ ದಂಡವನ್ನು ಕಿವಿಯ ಹತ್ತಿರ ಹಿಡಿದು ಅಲುಗಿಸಿದರು. ಸಡಿಲಿದ್ದರೆ ಸಣ್ಣಗೆ ಟಿಕ್ ಎನ್ನಬೇಕು. "ಬರೋಬ್ಬರಿ ಐತಿ, ಇದ ನಡೀತೈತಿ" ಎಂದು ಕೊಟ್ಟರು. ನಾನು ಹಾಗೆಯೇ ಕೂಡಿಸಿದೆ.

ರೋಹಿಣಿ ಮಳೆಯ ಮೊದಲ ಹನಿ ಬಿದ್ದ ವಾರ ಟ್ರ್ಯಾಕ್ಟರ್ ಚಾಲೂ ಮಾಡುವ ದಿನ ಬಂತು. ಸೂಪರ್‌ವೈಸರನಿಗೆ ದುಂಬಾಲು ಬಿದ್ದು ಪ್ಲಾಟು ಮತ್ತೆ ಬರೆಸಿಕೊಂಡಿದ್ದೆ. ಮೊದಲ ಬಿತ್ತನೆಯ ದಿನಕ್ಕೆ ಇನ್ನು ಒಂದೇ ವಾರ ಉಳಿದಿತ್ತು. ಪಕ್ಕದ ಮನೆಯ ಜೀಪಿನ ಬ್ಯಾಟರಿ ತಂದು ಹಚ್ಚಿದೆವು. ಹಿತ್ತಲ ತುಂಬ ಜನ. ಬ್ಯಾಡಗಿಯ ಆ ರೈತರೂ ನೋಡಲು ಬಂದಿದ್ದರು. ಕಾಕಾ ನನ್ನನ್ನೇ ಸೀಟಿನ ಮೇಲೆ ಕೂಡಿಸಿದರು. ಮೂರನೇ ಸಲಕ್ಕೆ ಅದು ಕೆಮ್ಮಿತು, ಕರಿ ಹೊಗೆ ಉಗುಳಿತು, ಆಮೇಲೆ ಧಡ್ ಧಡ್ ಎಂದು ನೆಲ ನಡುಗಿಸುತ್ತ ಹತ್ತಿಕೊಂಡಿತು. ಮಂದಿ ಚಪ್ಪಾಳೆ ಹೊಡೆದರು. ಅತ್ತೆ ಬಾಗಿಲಲ್ಲಿ ನಿಂತು ಸೆರಗಿನಿಂದ ಕಣ್ಣು ಒರೆಸಿಕೊಂಡರು. ಕಾಕಾ ಸ್ಕ್ರೂಡ್ರೈವರ್ ಕಚ್ಚಿ, ನನಗೆ ವೇಗ ಹೆಚ್ಚಿಸಲು ಸನ್ನೆ ಮಾಡಿ, ಕೇಳಿ, ತಲೆ ಆಡಿಸಿ ನಕ್ಕರು.

ವೇಗ ಇಳಿಸಿದಾಗ ನನಗೆ ಅದು ಕೇಳಿಸಿತು. ಧಡ್ ಧಡ್ ಸದ್ದಿನ ಅಡಿಯಲ್ಲಿ ಇನ್ನೊಂದು ಸಣ್ಣ ಸದ್ದು, ಟಕ್ ಟಕ್ ಎಂದು, ಬಾಗಿಲ ಚಿಲಕ ಬಡಿದ ಹಾಗೆ. ಏರಿಸಿದರೆ ಮುಚ್ಚಿಹೋಗುತ್ತಿತ್ತು, ಇಳಿಸಿದರೆ ಬರುತ್ತಿತ್ತು. ಕಾಕಾನ ಕಡೆ ನೋಡಿದೆ. ಅವರು ಆಗಲೇ ಸ್ಕ್ರೂಡ್ರೈವರ್ ಒರೆಸಿ ಚೀಲಕ್ಕೆ ಹಾಕಿಕೊಂಡು, ಬ್ಯಾಡಗಿಯವರ ಸಂಗಡ ಮಾತಾಡುತ್ತ ನಿಂತಿದ್ದರು. ಅಷ್ಟು ಸ್ಪಷ್ಟವಾದ ಸದ್ದು ಅವರಿಗೆ ಕೇಳಿಸಿಲ್ಲ ಎಂದರೆ ನಂಬಲು ಆಗಲಿಲ್ಲ. "ಹೌದ್ರಿ, ಹೌದ್ರಿ" ಎಂಬ ಅವರ ನಗುವಿನ ಅರ್ಥ ನನಗೆ ಆ ಕ್ಷಣಕ್ಕೆ ತಿಳಿಯಿತು.

ಹೇಳಿದರೆ ಅಷ್ಟು ಜನರೆದುರು ಅವರ ಮರ್ಯಾದೆ ಹೋಗುತ್ತದೆ. ಹೇಳದಿದ್ದರೆ ಹೊಲದ ನಡುವೆ ಎಂಜಿನ್ನಿನ ಹೊಟ್ಟೆ ಒಡೆದರೂ ಒಡೆಯಬಹುದು. ಎಂಜಿನ್ ಮತ್ತೆ ಬಿಚ್ಚಿದರೆ ಬಿತ್ತನೆಯ ದಿನ ತಪ್ಪಬಹುದು. ನಾನು ಎಂಜಿನ್ ಬಂದ್ ಮಾಡಿ ಕೆಳಗಿಳಿದು, ಅವರ ಬಲಗಿವಿಯ ಹತ್ತಿರ ಹೋಗಿ, ಉಳಿದವರಿಗೆ ಕೇಳಿಸದಷ್ಟು ತಗ್ಗಿಸಿ ಹೇಳಿದೆ. ಅವರಿಗೂ ಕೇಳಿಸಲಿಲ್ಲ. "ಏನ್ರಿ?" ಎಂದರು. ಗಟ್ಟಿಯಾಗಿಯೇ ಹೇಳಬೇಕಾಯಿತು.

"ಕಾಕಾ, ಒಳಗ ಏನೋ ಟಕ್ ಟಕ್ ಬಡೀತೈತಿ. ಸಾವಕಾಶ ಓಡುವಾಗ ಅಷ್ಟ."

ಬ್ಯಾಡಗಿಯವರು, "ಹಳೇ ಎಂಜಿನ್ನರಿ ಅಕ್ಕಾರ, ಏನರ ಒಂದು ಬಡಿಯೂದ" ಎಂದರು. ಕಾಕಾ ಅವರಿಗೆ ಕೈ ಸನ್ನೆ ಮಾಡಿ ಸುಮ್ಮನಿರಿಸಿ, ಸ್ಕ್ರೂಡ್ರೈವರ್ ಮತ್ತೆ ತೆಗೆದರು. ನಾನು ಚಾಲೂ ಮಾಡಿ ವೇಗ ಪೂರಾ ಇಳಿಸಿದೆ. ಅವರು ಹಿಡಿ ಕಚ್ಚಿ ಬಹಳ ಹೊತ್ತು ನಿಂತರು. ಟೊಪ್ಪಿಗೆ ನಡುಗುವುದನ್ನೇ ನೋಡುತ್ತಿದ್ದೆ. ಕಣ್ಣು ತೆರೆದಾಗ ಅವರ ಮುಖದಲ್ಲಿ ನಾನು ಹೆದರಿದ್ದ ಅವಮಾನ ಇರಲಿಲ್ಲ. ತುಂಬ ದಿನದಿಂದ ಹೊತ್ತಿದ್ದನ್ನು ಇಳಿಸಲು ಜಾಗ ಸಿಕ್ಕವರ ಹಾಗೆ ಇದ್ದರು.

"ಐತಿ," ಎಂದರು. "ಬುಷ್ ಸಡ್ಲ ಐತಿ. ತಪ್ಪು ಈಕಿದಲ್ಲ, ನಂದು. ಅವತ್ತ ನಾ ಅಲಗ್ಯಾಡಿಸಿ ನೋಡಿದಾಗ ಅದು ಟಿಕ್ ಅಂದಿರಬೇಕು. ನನ್ನ ಕಿವಿ ಹೋಗ್ಯಾವ್ರಿ, ಕೇಳಲಿಲ್ಲ. ಈಕಿಗೆ ಕೇಳಿಸ್ತು, ಚಲೋ ಆತು."

ಹಾಗೆ ಹೇಳಿ, ಆ ಬಿಳಿ ಅಂಗಿಯಲ್ಲಿಯೇ ಟ್ರ್ಯಾಕ್ಟರಿನ ಕೆಳಗೆ ನೆಲದ ಮೇಲೆ ಅಂಗಾತ ಮಲಗಿ ಎಣ್ಣೆ ಇಳಿಸಲು ಶುರು ಮಾಡಿದರು.

ಮರುದಿನ ಅವರೇ ಹಾವೇರಿಗೆ ಹೋಗಿ, ಪರಿಚಯದ ಲೇಥ್ ಅಂಗಡಿಯಲ್ಲಿ ಕುಳಿತು, ಕಂಚಿನಲ್ಲಿ ಎರಡು ಹೊಸ ಬುಷ್ ಕಡೆಸಿಕೊಂಡು ಬಂದರು. ದಂಡಕ್ಕೆ ಕೂಡಿಸಿ ನನ್ನ ಕಿವಿಗೆ ಹಿಡಿದರು. "ಹೇಳು ತಂಗೆವ್ವಾ, ಏನರ ಅಂತೈತೇನು?" ಅನ್ನಲಿಲ್ಲ. ಐದನೇ ದಿನ ಸಂಜೆಗೆ ಟ್ರ್ಯಾಕ್ಟರ್ ಮತ್ತೆ ಓಡಿತು. ಧಡ್ ಧಡ್, ಅದರ ಅಡಿಯಲ್ಲಿ ಮತ್ತೇನೂ ಇಲ್ಲ. ಏಳನೇ ದಿನ ಮುಂಜಾನೆ ನಾನು ನಮ್ಮ ಹೊಲದಲ್ಲಿ ಕುಂಟೆ ಹೊಡೆದೆ. ಮೊದಲ ಸಾಲು ಹಾವಿನಂತೆ ಸೊಟ್ಟ ಹೋಯಿತು; ಬದುವಿನ ಮೇಲೆ ನಿಂತ ಕಾಕಾ ಎರಡೂ ಕೈ ಎತ್ತಿ, ಮುಂದೆ ನೋಡು, ದೂರ ನೋಡು ಎಂದು ಸನ್ನೆ ಮಾಡುತ್ತಲೇ ಇದ್ದರು. ಎರಡನೆಯದು ನೆಟ್ಟಗೆ ಬಂತು. ಗಂಡು ಸಾಲು, ಹೆಣ್ಣು ಸಾಲು ಎರಡೂ ಹೇಳಿದ ದಿನಕ್ಕೆ ಬಿತ್ತಿದೆವು, ಹೇಳಿದ ದಿನಕ್ಕೆ ಹೂ ಬಿಟ್ಟವು. ಹೂ ಮುಟ್ಟಿಸಲು ಹಿಂದಿನ ವರ್ಷ ನನ್ನ ಸಂಗಡ ಕೂಲಿಗೆ ಬರುತ್ತಿದ್ದ ಹೆಂಗಸರೇ ಬಂದರು. ಮುಂದಿನ ಮುಂಗಾರಿಗೆ ಅವರ ಹೊಲಗಳನ್ನೂ ನಾನೇ ಹೊಡೆದುಕೊಟ್ಟೆ, ದೊಡ್ಡ ಹೊಲದವರಿಗಿಂತ ಮೊದಲು.

ಬುಷ್ ಹಾಕಿದ ತಿಂಗಳು ಕಾಕಾ ಮತ್ತೆ ಬಂದು ಕಟ್ಟೆಯ ಮೇಲೆ ಕುಳಿತರು. ಚಹಾ ಕುಡಿದು, ಬಟ್ಟಲು ಕೆಳಗಿಟ್ಟು, ಬಹಳ ಸರಳವಾಗಿ ಕೇಳಿದರು. "ರವಿವಾರ ರವಿವಾರ ನನ್ನ ಸಂಗಡ ಬರ್ತೀಯೇನು? ನನ್ನ ಕೈಗೆ ಏನೂ ಆಗಿಲ್ಲ. ಕೇಳಾಕ ಒಬ್ರು ಬೇಕು."

ನಾನು ಉತ್ತರ ಕೊಡುವ ಮೊದಲೇ ಅತ್ತೆ ಒಳಗಿನಿಂದ, "ಹೋಗಿ ಬಾ, ಕುಳ್ಳು ಕಸ ನಾ ನೋಡ್ತೇನಿ" ಎಂದರು.

ಹಾಗೆ ನಾಲ್ಕು ವರ್ಷ ನಾನು ಅವರ ಸಂಗಡ ತಿರುಗಿದೆ. ಅವರ ಹಳೆಯ ಮೋಪೆಡ್ಡಿನ ಹಿಂದೆ ಪಾನಾ ಚೀಲ ತೊಡೆಯ ಮೇಲಿಟ್ಟುಕೊಂಡು ಕುಳಿತರೆ, ಹಿಂದಿನಿಂದ ಬರುವ ಬಸ್ಸಿನ ಹಾರ್ನನ್ನು ಅವರ ಭುಜ ತಟ್ಟಿ ತಿಳಿಸುವ ಕೆಲಸವೂ ನನ್ನದೇ. ಅವರು ಎಂಜಿನ್ನಿನ ಒಂದೊಂದು ಜಾಗ ಬೆರಳಿನಿಂದ ತೋರಿಸುವುದು, ನಾನು ಕೇಳಿ ಹೇಳುವುದು. ಮೊದಮೊದಲು ಸದ್ದಿಗೆ ಹೆಸರು ಗೊತ್ತಿರಲಿಲ್ಲ. "ಶ್ಯಾವಿಗಿ ಒತ್ತಿದಂಗ ಕೇಳ್ತೈತಿ", "ತೊಟ್ಟಲು ಕಿರಗುಟ್ಟಿದಂಗ" ಎನ್ನುತ್ತಿದ್ದೆ. ಅವರು ನಗದೆ, ಅದು ಯಾವ ಭಾಗದ ಸದ್ದು ಎಂದು ಹುಡುಕಿ ತೋರಿಸಿ, "ಇನ್ನ ಮ್ಯಾಲೆ ತೊಟ್ಟಲು ಅಂದ್ರ ವಾಟರ್ ಪಂಪು" ಎಂದು ಗಟ್ಟಿ ಮಾಡಿಕೊಳ್ಳುತ್ತಿದ್ದರು. ನಮ್ಮಿಬ್ಬರದೇ ಒಂದು ಭಾಷೆ ಬೆಳೆಯಿತು.

ಒಮ್ಮೆ ಬ್ಯಾಡಗಿಯಲ್ಲಿ, ಮೆಣಸಿನಕಾಯಿ ಒಣಹಾಕಿದ ಒಂದು ಅಂಗಳದಲ್ಲಿ, ಏರು ಬಂದರೆ ಉಸಿರು ಕಟ್ಟುವ ಒಂದು ರಷ್ಯಾದ ಟ್ರ್ಯಾಕ್ಟರ್ ನೋಡಲು ಹೋಗಿದ್ದೆವು. ನಾನು ಎಂಜಿನ್ನಿಗೆ ಕಿವಿ ಕೊಟ್ಟು ನಿಂತದ್ದು ನೋಡಿ ಮನೆಯ ಯಜಮಾನರು, "ಹೆಣ್ಣಮಗಳಿಗೆ ಏನ ತಿಳೀತೈತ್ರಿ ಇದರಾಗ?" ಎಂದು ಕಾಕಾನನ್ನು ಕೇಳಿದರು. ಈ ಮಾತು ಮಾತ್ರ ಅವರಿಗೆ ಹೇಗೋ ಕೇಳಿಸಿತು. "ನನಗ ತಿಳೀದಿದ್ದು ತಿಳೀತೈತ್ರಿ. ಅದಕ್ಕ ಕರಕೊಂಡು ಬಂದೇನಿ" ಎಂದರು. ಗಾಳಿ ಒಳಗೆ ಹೋಗುವ ಕಡೆ ಸಿಳ್ಳೆಯಂಥ ಸದ್ದು ಇತ್ತು. ಏರ್ ಕ್ಲೀನರ್ ಬಿಚ್ಚಿದ ಕೂಡಲೇ ಒಳಗೆ ವರ್ಷಗಟ್ಟಲೆ ಕೂಡಿದ್ದ ಮೆಣಸಿನಕಾಯಿ ಧೂಳು ಹೊಗೆಯಂತೆ ಎದ್ದಿತು. ಯಜಮಾನರು, ನಾನು, ಕಾಕಾ, ಕಟ್ಟಿದ ಎಮ್ಮೆ ಎಲ್ಲರೂ ಸೀನಲು ಶುರು. ಕಾಕಾ ಕಣ್ಣಲ್ಲಿ ನೀರು ಸುರಿಸುತ್ತಲೇ, "ನಲವತ್ತು ವರ್ಷ ಇದು ಹ್ಯಾಂಗ ತಡಕೊಂಡೈತಿ ನೋಡ್ರಿ, ನಮಗ ಎರಡು ನಿಮಿಷ ಆಗವಲ್ದು" ಎಂದರು. ಯಜಮಾನರು ಆ ದಿನ ನಮಗಿಬ್ಬರಿಗೂ ಊಟಕ್ಕೆ ಹಾಕಿ, ಮುಂದಿನ ಸಲ ನನ್ನ ಹೆಸರು ಹಿಡಿದೇ ಹೇಳಿ ಕಳಿಸಿದರು.

ಬಲಗಿವಿಯೂ ಪೂರಾ ಹೋದ ಮೇಲೆ ಕಾಕಾ ಶೆಡ್ಡು ಮುಚ್ಚಿ ಹಾವೇರಿಯಲ್ಲಿ ಮಗಳು ಸುಮಿತ್ರಾಳ ಮನೆಗೆ ಹೋದರು. ಸುಮಿತ್ರಾ ಅಂಗನವಾಡಿಯ ಶಿಕ್ಷಕಿ. ಮನೆಯಲ್ಲಿದ್ದ ಒಂದು ಪಾಟಿಯ ಮೇಲೆ ಬರೆದು ಅವರ ಸಂಗಡ ಮಾತಾಡುತ್ತಿದ್ದಳು. ಅಲ್ಲಿಯೂ ಅವರು ಸೋತವರ ಹಾಗೆ ಕೂಡಲಿಲ್ಲ. ಓಣಿಯ ಹೊಲಿಗೆ ಯಂತ್ರಗಳನ್ನೆಲ್ಲ ಸರಿಮಾಡಿ ಕೊಡುತ್ತಿದ್ದರು. "ಸಣ್ಣ ಮಷೀನು, ಸಣ್ಣ ಸದ್ದು. ಕೇಳಲಿಲ್ಲಂದ್ರೂ ನಡೀತೈತಿ" ಎಂದು ನಗುತ್ತಿದ್ದರು.

ಎರಡು ಸಾವಿರದ ಒಂಬತ್ತರ ಚಳಿಗಾಲದಲ್ಲಿ ನನಗೆ ಒಂದು ಟ್ರ್ಯಾಕ್ಟರ್ ಗಂಟುಬಿತ್ತು. ನಮ್ಮ ಪಕ್ಕದ ಊರಿನದು. ಚಲೋ ಚಾಲೂ ಆಗುತ್ತಿತ್ತು, ಅರ್ಧ ಗಂಟೆ ದುಡಿದು ನಿಲ್ಲುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟರೆ ತಾನಾಗಿಯೇ ಮತ್ತೆ ಚಾಲೂ. ಟಾಕಿ ತೊಳೆದೆ, ಫಿಲ್ಟರ್ ಬದಲಿಸಿದೆ, ಮುಚ್ಚಳದ ಗಾಳಿಯ ತೂತು ನೋಡಿದೆ, ಪಂಪು ಬಿಚ್ಚಿ ಕೂಡಿಸಿದೆ. ನಾಲ್ಕು ದಿನ ಹೋಯಿತು. ಸೋತು ಹಾವೇರಿಯ ಬಸ್ಸು ಹತ್ತಿದೆ. ಕಾಕಾನ ಮುಂದೆ ಕುಳಿತು ಪಾಟಿಯ ಮೇಲೆ ಎಲ್ಲವನ್ನೂ ಬರೆದೆ. ತುಂಬಿತು, ಒರೆಸಿ ಮತ್ತೆ ಬರೆದೆ. ಅವರು ಪಾಟಿಯನ್ನು ಹತ್ತಿರ ಹಿಡಿದು ಎರಡು ಸಲ ಓದಿದರು. ಏನೋ ಒಂದು ಹೇಳುತ್ತಾರೆ, ಕುಣಿಯುತ್ತ ವಾಪಸು ಹೋಗುತ್ತೇನೆ ಎಂದುಕೊಂಡಿದ್ದೆ.

"ಇದು ನನಗೂ ಗೊತ್ತಿಲ್ಲ ತಂಗೆವ್ವಾ" ಎಂದರು. ಮುಖದಲ್ಲಿ ಬೇಸರವಿರಲಿಲ್ಲ, ಕುತೂಹಲವಿತ್ತು. "ನೀ ಮಾಡಿದ್ದೆಲ್ಲಾ ಬರೋಬ್ಬರಿ ಐತಿ. ನಾನಾದ್ರೂ ಅಷ್ಟ ಮಾಡ್ತಿದ್ದೆ. ಹುಡುಕು. ಸಿಕ್ಕ ಮ್ಯಾಲೆ ಬಂದು ನನಗ ಹೇಳು."

ಬಸ್ಸಿನಲ್ಲಿ ಕುಳಿತು ಮರಳುವಾಗ ನನಗೆ ಅಳು ಬಂತು. ಹಿಂದೆ ಯಾರೂ ಇಲ್ಲ ಎನ್ನಿಸಿತು. ಮಾರನೆಯ ದಿನ ಸಿಟ್ಟಿನಿಂದಲೇ ಆ ಟ್ರ್ಯಾಕ್ಟರನ್ನು ಟಾಕಿಯಿಂದ ಮೊದಲು ಮಾಡಿ ಒಂದೊಂದು ಗೇಣು ನೋಡುತ್ತ ಬಂದೆ. ಟಾಕಿಯಿಂದ ಪಂಪಿಗೆ ಹೋಗುವ ರಬ್ಬರ್ ಪೈಪು ಹೊಸದಿತ್ತು. ಹೊಸದು ಎಂದೇ ಅದನ್ನು ಮುಟ್ಟಿರಲಿಲ್ಲ. ತೆಗೆದು ಊದಿದೆ, ಗಾಳಿ ಸಲೀಸಾಗಿ ಹೋಯಿತು. ತಿರುಗಿಸಿ ಇನ್ನೊಂದು ಬಾಯಿಯಿಂದ ಊದಿದೆ. ಹೋಗಲಿಲ್ಲ. ಬ್ಲೇಡಿನಿಂದ ಉದ್ದಕ್ಕೆ ಸೀಳಿದೆ. ಡೀಸೆಲ್ಲಿಗೆ ಉಬ್ಬಿ ಒಳಗಿನ ಪದರು ಎದ್ದು, ನಾಲಗೆಯ ಹಾಗೆ ಮಡಿಚಿಕೊಂಡಿತ್ತು. ಎಂಜಿನ್ ಎಳೆದಾಗ ಅದು ಹೋಗಿ ದಾರಿ ಮುಚ್ಚುತ್ತಿತ್ತು, ನಿಂತ ಮೇಲೆ ಸಾವಕಾಶ ಹಿಂದೆ ಸರಿಯುತ್ತಿತ್ತು. ಹೊರಗಿನಿಂದ ನೋಡಿದರೆ ಏನೂ ಇಲ್ಲ.

ಅದೇ ವಾರ ಸೀಳಿದ ಪೈಪನ್ನು ಕಾಗದದಲ್ಲಿ ಸುತ್ತಿಕೊಂಡು ಹಾವೇರಿಗೆ ಹೋದೆ. ನಾನು ಅವರನ್ನು ಕಂಡದ್ದು ಅದೇ ಕೊನೆಯ ಸಲ. ಆ ಯುಗಾದಿಯ ಹೊತ್ತಿಗೆ, ಮಧ್ಯಾಹ್ನ ಉಂಡು ಮಲಗಿದವರು ಹಾಗೆಯೇ ಹೋಗಿಬಿಟ್ಟರು ಎಂದು ಸುಮಿತ್ರಾ ಫೋನು ಮಾಡಿದಳು. ಈಗಲೂ ಅವರನ್ನು ನೆನೆದಾಗ ಆ ಸಾವಿನ ಸುದ್ದಿಗಿಂತ ಮೊದಲು ನೆನಪಾಗುವುದು ಪೈಪು ಒಯ್ದ ಆ ಮುಂಜಾನೆ.

ಕಾಕಾ ಹೊರಗೆ ಬಿಸಿಲಲ್ಲಿ, ಒಂದು ಹೊಲಿಗೆ ಯಂತ್ರದ ಮುಂದೆ ಕುಳಿತಿದ್ದರು. ನಾನು ಏನೂ ಬರೆಯದೆ ಪೈಪಿನ ತುಂಡನ್ನು ಅವರ ಅಂಗೈಯಲ್ಲಿ ಇಟ್ಟೆ. ಅವರು ಒಳಗೆ ಬೆರಳು ಹಾಕಿ ಸವರಿದರು. ಎದ್ದಿದ್ದ ಪದರನ್ನು ಆಚೆ ಈಚೆ ಮಡಿಚಿದರು. ಹುಬ್ಬು ಮೇಲೇರಿತು.

"ನಮ್ಮ ಕಾಲಕ್ಕ ತಾಮ್ರದ ಪೈಪ್ ಇರ್ತಿದ್ವು" ಎಂದರು. "ಇದು ನನಗ ತಿಳೀತಿರಲಿಲ್ಲ. ಊದಿ ನೋಡಿದ್ದಿಲ್ಲೇನು?"

ಪಾಟಿ ತೆಗೆದುಕೊಂಡು ಬರೆದೆ: ಆ ಕಡೆಯಿಂದ ಊದಿದರ ಹೋಗತೈತಿ. ಈ ಕಡೆಯಿಂದ ಹೋಗೂದಿಲ್ಲ.

ಓದಿ, ಪೈಪು ತಿರುಗಿಸಿ ನೋಡಿ, ಅವರು ದೊಡ್ಡದಾಗಿ ನಕ್ಕರು. ಎಷ್ಟು ದಿನಕ್ಕೆ ಹೀಗಾಗುತ್ತದೆ, ಎಲ್ಲ ರಬ್ಬರಿನಲ್ಲಿಯೂ ಆಗುತ್ತದೆಯೇ, ಹೊರಗಿನಿಂದ ಗುರುತು ಹಿಡಿಯುವುದು ಹೇಗೆ ಎಂದು ಒಂದರ ಮೇಲೊಂದು ಕೇಳಿದರು. ನಾನು ಬರೆಯುತ್ತ ಹೋದೆ, ಅವರು ಒಂದೊಂದನ್ನೂ ಓದಿ ತಲೆದೂಗಿದರು. ಆಮೇಲೆ ತಮ್ಮ ಮುಂದಿದ್ದ ಯಂತ್ರವನ್ನು ಬದಿಗೆ ಸರಿಸಿ, ಚಾಪೆಯ ಮೇಲೆ ನನಗೆ ಕೂಡಲು ಜಾಗ ಮಾಡಿ, ಕಿವಿ ಕೇಳದವರ ದೊಡ್ಡ ದನಿಯಲ್ಲಿ ಒಳಗೆ ಕೂಗಿ ಹೇಳಿದರು.

"ಸುಮಿತ್ರಾ, ಚಾ ಇಡವ್ವಾ. ಮಿಸ್ತ್ರಿಯಾರು ಬಂದಾರ."